ಬೀಗ ಬೀಳದ ಶಾಲೆ: ಇಂಪಿಂಗ್ಟನ್ ವಿಲೇಜ್ ಕಾಲೇಜಿನ ಪ್ರಕರಣ

ನಾನು ಹೈಸ್ಕೂಲ್ ಮೇಷ್ಟ್ರು. ಸಂಜೆ ಶಾಲೆಯ ಗೇಟಿಗೆ ಬೀಗ ಬೀಳುವ ಸದ್ದು ನನಗೆ ನಿದ್ದೆಯಲ್ಲೂ ಗುರುತು ಸಿಗುತ್ತದೆ. ಬೀಗ ಬಿದ್ದ ಮೇಲೆ ಊರಿನ ಹುಡುಗರು ಕಾಂಪೌಂಡು ಹಾರಿ ಬಂದು ವಾಲಿಬಾಲ್ ಆಡುತ್ತಾರೆ. ಒಳಗೆ ಬೀರುವಿನಲ್ಲಿ ಪುಸ್ತಕ ಇದೆ, ಎಂಟು ಕೋಣೆ ಖಾಲಿ ಇವೆ, ಬೆಂಚು ಇದೆ, ಫ್ಯಾನು ಇದೆ. ಆದರೆ ಹೆಂಗಸರ ಸ್ವಸಹಾಯ ಸಂಘದ ಸಭೆ ನಡೆಯುವುದು ಯಾರದೋ ಮನೆಯ ಜಗಲಿ ಮೇಲೆ. ಇದನ್ನು ಯಾರೂ ಬೇಕಂತ ಮಾಡಿದ್ದಲ್ಲ. ಶಾಲೆ ಅಂದರೆ ಮಕ್ಕಳದ್ದು, ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕೂವರೆ ತನಕದ್ದು ಅಂತ ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ.

ಹಾಗೆ ಒಪ್ಪದೇ ಇದ್ದ ಒಬ್ಬರ ಕತೆ ಇದು. ಅವರ ಹೆಸರು ಹೆನ್ರಿ ಮಾರಿಸ್. ಇಂಗ್ಲೆಂಡಿನ ಕೇಂಬ್ರಿಡ್ಜ್‌ಶೈರ್ ಕೌಂಟಿಯಲ್ಲಿ 1922ರಿಂದ 1954ರ ತನಕ ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದವರು. ಕೌಂಟಿ ಅಂದರೆ ನಮ್ಮ ಜಿಲ್ಲೆ ಅಂದುಕೊಳ್ಳಿ. ಅವರು ಕಟ್ಟಿಸಿದ ಶಾಲೆಗಳಲ್ಲಿ ಒಂದು ಇಂಪಿಂಗ್ಟನ್ ವಿಲೇಜ್ ಕಾಲೇಜು. ಹೆಸರಿನಲ್ಲಿ ಕಾಲೇಜು ಅಂತ ಇದ್ದರೂ ಅದು ಹೈಸ್ಕೂಲೇ, ಹನ್ನೊಂದು ದಾಟಿದ ಮಕ್ಕಳು ಬರುವ ಜಾಗ. ಶುರುವಾಗಿದ್ದು 1939ರಲ್ಲಿ. ಇವತ್ತೂ ನಡೆಯುತ್ತಿದೆ.

ಈ ಶಾಲೆಯ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಕಟ್ಟಡದ ಚೆಂದ ಹೊಗಳುತ್ತಾರೆ. ಅದು ಹೊಗಳಬೇಕಾದ ಕಟ್ಟಡವೇ, ಅನುಮಾನ ಇಲ್ಲ. ಆದರೆ ನನಗೆ ಕಾಡುವ ಪ್ರಶ್ನೆ ಬೇರೆ. ಒಂದು ಶಾಲೆ ಊರಿನದ್ದು ಆಗುವುದು ಹೇಗೆ? ಒಳ್ಳೆಯ ಹೆಡ್‌ಮಾಸ್ಟರ್ ಬಂದರೆ ಆಗುತ್ತದಾ, ಊರಿನವರ ಉತ್ಸಾಹದಿಂದ ಆಗುತ್ತದಾ, ಇಲ್ಲಾ ಇನ್ನೇನಾದರೂ ಬೇಕಾ? ಇಂಪಿಂಗ್ಟನ್‌ನ ನಕ್ಷೆ ಮುಂದಿಟ್ಟುಕೊಂಡು ಕೂತರೆ ಇದಕ್ಕೆ ತುಂಬಾ ಸ್ಪಷ್ಟವಾದ ಒಂದು ಉತ್ತರ ಸಿಗುತ್ತದೆ.

ಆ ಕಾಲದ ಕೇಂಬ್ರಿಡ್ಜ್‌ಶೈರ್

ಕೇಂಬ್ರಿಡ್ಜ್ ಅಂದ ಕೂಡಲೇ ನಮಗೆ ಯೂನಿವರ್ಸಿಟಿ ನೆನಪಾಗುತ್ತದೆ. ನ್ಯೂಟನ್, ರಾಮಾನುಜನ್, ನದಿ ದಂಡೆಯ ದೊಡ್ಡ ದೊಡ್ಡ ಕಟ್ಟಡಗಳು. ಆದರೆ ಊರು ದಾಟಿ ನಾಲ್ಕು ಮೈಲಿ ಹೋದರೆ ಬರೀ ಹೊಲ. 1920ರ ದಶಕದಲ್ಲಿ ಅದು ಬಡ ಕೌಂಟಿ. ಮೊದಲ ಮಹಾಯುದ್ಧ ಮುಗಿದ ಮೇಲೆ ಬೆಳೆಯ ಬೆಲೆ ಕುಸಿಯಿತು. ಕೂಲಿ ಕಡಿಮೆಯಾಯಿತು. ಹರೆಯದವರು ಪೇಟೆ ಕಡೆ ಮುಖ ಮಾಡಿದರು.

ಹಳ್ಳಿಯ ಶಾಲೆಗಳೋ, ಒಂದೋ ಎರಡೋ ಕೋಣೆ. ಬಹಳಷ್ಟು ಚರ್ಚಿನ ಕೈಯಲ್ಲಿದ್ದವು. ಐದು ವರ್ಷದ ಮಗುವೂ ಹದಿಮೂರು ವರ್ಷದ ಹುಡುಗನೂ ಅದೇ ಗೋಡೆಗಳ ನಡುವೆ. ಕಾನೂನಿನ ಪ್ರಕಾರ ಹದಿನಾಲ್ಕಕ್ಕೆ ಓದು ಮುಗಿಯಿತು. ಸೈನ್ಸ್ ಲ್ಯಾಬ್ ಇಲ್ಲ, ಮರಗೆಲಸದ ಕೋಣೆ ಇಲ್ಲ, ಆಡಲು ಸರಿಯಾದ ಬಯಲಿಲ್ಲ. ಹದಿನಾಲ್ಕಾದ ಮೇಲೆ ಹೊಲಕ್ಕೆ, ಇಲ್ಲವೇ ಯಾರದೋ ಮನೆಗೆಲಸಕ್ಕೆ.

ಮಾರಿಸ್ ನೋಡಿದ್ದು ಇನ್ನೊಂದು ಸಂಗತಿಯನ್ನೂ. ಹಳ್ಳಿಯಲ್ಲಿ ಏನೂ ಇರಲಿಲ್ಲ ಅಂತಲ್ಲ. ಎಲ್ಲ ಚೂರುಚೂರಾಗಿ ಇತ್ತು. ಸಂಜೆ ಕ್ಲಾಸು ಒಂದು ಕಡೆ, ಹೆಂಗಸರ ಸಂಘ ಇನ್ನೊಂದು ಕಡೆ, ಸ್ಕೌಟ್ ಹುಡುಗರು ಯಾರದೋ ಶೆಡ್ಡಿನಲ್ಲಿ, ಕೌಂಟಿ ಲೈಬ್ರರಿಯ ನಾಲ್ಕು ಪುಸ್ತಕ ಎಲ್ಲೋ ಒಂದು ಪೆಟ್ಟಿಗೆಯಲ್ಲಿ, ಬೇಸಾಯದ ಬಗ್ಗೆ ಭಾಷಣ ಮಾಡಲು ಬಂದವರು ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ. ಪ್ರತಿಯೊಂದಕ್ಕೂ ಸ್ವಲ್ಪ ಸ್ವಲ್ಪ ದುಡ್ಡು, ಯಾವುದಕ್ಕೂ ಸರಿಯಾದ ಸೂರಿಲ್ಲ.

1924ರಲ್ಲಿ ಅವರು ಒಂದು ಟಿಪ್ಪಣಿ ಬರೆದರು. ಸಣ್ಣದು. ಸಾರ ಇಷ್ಟೇ: ಈ ಚೂರುಗಳನ್ನೆಲ್ಲ ಒಂದೇ ಸೂರಿನಡಿ ತನ್ನಿ. ಸುತ್ತಲಿನ ಹಲವು ಹಳ್ಳಿಗಳಿಗೆ ಸೇರಿ ಒಂದು ದೊಡ್ಡ ಹೈಸ್ಕೂಲು ಕಟ್ಟಿ. ಅದೇ ಕಟ್ಟಡ ಲೈಬ್ರರಿಯೂ ಆಗಲಿ, ನಾಟಕದ ಹಾಲೂ ಆಗಲಿ, ಬಾಣಂತಿ ಮತ್ತು ಕೂಸಿನ ಕ್ಲಿನಿಕ್ಕೂ ಆಗಲಿ, ರೈತರ ತರಬೇತಿಯ ಜಾಗವೂ ಆಗಲಿ. ಅದಕ್ಕೆ ಅವರು ಇಟ್ಟ ಹೆಸರು ವಿಲೇಜ್ ಕಾಲೇಜು. ಅಲ್ಲಿ ಶಾಲೆ ಬಿಡುವುದು ಅನ್ನುವ ಮಾತೇ ಇರುವುದಿಲ್ಲ, ಮೂರು ವರ್ಷಕ್ಕೆ ಒಳಗೆ ಬಂದ ಮಗು ಹಣ್ಣುಮುದುಕನಾದ ಮೇಲೆ ಮಾತ್ರ ಹೊರಗೆ ಹೋಗುತ್ತದೆ ಅಂತ ಬರೆದರು. ಇದನ್ನು ಮೊದಲ ಸಲ ಓದಿದಾಗ ನಾನು ಎದ್ದು ಓಡಾಡಿಬಿಟ್ಟೆ. ಸುಮ್ನೆ ಹೇಳುತ್ತಿಲ್ಲ.

ಮಾರಿಸ್ ಸ್ವತಃ ಹದಿನಾಲ್ಕಕ್ಕೆ ಶಾಲೆ ಬಿಟ್ಟವರು. 1889ರಲ್ಲಿ ಲ್ಯಾಂಕಷೈರಿನ ಸೌತ್‌ಪೋರ್ಟ್‌ನಲ್ಲಿ ಹುಟ್ಟಿದರು. ಪತ್ರಿಕೆಯ ಆಫೀಸಿನಲ್ಲಿ ಕೆಲಸಕ್ಕೆ ಸೇರಿದರು. ಆಮೇಲೆ ದೊಡ್ಡವರಾದ ಮೇಲೆ ಹಟ ಹಿಡಿದು ಓದಿ ಲ್ಯಾಂಪಿಟರ್, ಆಕ್ಸ್‌ಫರ್ಡ್, ಯುದ್ಧ ಮುಗಿಸಿ ಬಂದ ಮೇಲೆ ಕೇಂಬ್ರಿಡ್ಜ್ ತನಕ ಹೋದರು. ಹದಿನಾಲ್ಕಕ್ಕೆ ಬಾಗಿಲು ಮುಚ್ಚಿದರೆ ಹೇಗಿರುತ್ತದೆ ಅನ್ನುವುದು ಅವರಿಗೆ ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ.

ಮೊದಲನೆಯದು ಸಾಸ್ಟನ್

ಟಿಪ್ಪಣಿ ಬರೆದದ್ದು 1924ರಲ್ಲಿ, ಮೊದಲ ವಿಲೇಜ್ ಕಾಲೇಜು ಸಾಸ್ಟನ್‌ನಲ್ಲಿ ತೆರೆದದ್ದು 1930ರ ಅಕ್ಟೋಬರಿನಲ್ಲಿ. ನಡುವಿನ ಆರು ವರ್ಷ ಬರೀ ಓಡಾಟ. ಕೌಂಟಿಯ ಬೊಕ್ಕಸದಲ್ಲಿ ದುಡ್ಡಿಲ್ಲ. ಮಾರಿಸ್ ಕಾರ್ನೆಗಿ ಟ್ರಸ್ಟ್ ಅನ್ನುವ ದಾನಸಂಸ್ಥೆಯಿಂದ ನೆರವು ತಂದರು, ಊರಿನ ಕಾಗದ ಕಂಪನಿಯ ಸ್ಪೈಸರ್ ಮನೆತನದವರಿಂದ ಜಾಗ ಪಡೆದರು. ಉದ್ಘಾಟನೆಗೆ ಯುವರಾಜರೇ ಬಂದರು, ಮುಂದೆ ಎಂಟನೇ ಎಡ್ವರ್ಡ್ ಆದವರು. ಆಮೇಲೆ 1937ರಲ್ಲಿ ಬಾಟಿಶಮ್ ಮತ್ತು ಲಿಂಟನ್.

ಅದಕ್ಕೂ ಮುಂಚೆ ಒಂದು ಗಂಟು ಬಿಡಿಸಬೇಕಿತ್ತು. ದೊಡ್ಡ ಮಕ್ಕಳನ್ನು ಹಳ್ಳಿಶಾಲೆಯಿಂದ ತೆಗೆದು ಒಂದೇ ಕಡೆ ಸೇರಿಸಬೇಕು ಅಂದರೆ ಚರ್ಚಿನವರು ಒಪ್ಪಬೇಕು. ಆಂಗ್ಲಿಕನ್ ಚರ್ಚಿನವರಿಗೂ ಬೇರೆ ಪಂಗಡದವರಿಗೂ ಧರ್ಮಪಾಠದ ವಿಷಯದಲ್ಲಿ ಹಳೆಯ ಜಗಳ. 1924ರಲ್ಲೇ ಕೇಂಬ್ರಿಡ್ಜ್‌ಶೈರಿನಲ್ಲಿ ಎಲ್ಲ ಪಂಗಡದವರೂ ಒಪ್ಪುವ ಒಂದು ಧರ್ಮಪಾಠದ ಸಿಲಬಸ್ ತಯಾರಾಯಿತು. ಇದು ಸಾಧ್ಯವಾಗದೇ ಹೋಗಿದ್ದರೆ ಮುಂದಿನದ್ದು ಯಾವುದೂ ಆಗುತ್ತಿರಲಿಲ್ಲ ಅಂತ ನನ್ನ ಅನಿಸಿಕೆ. ಕಟ್ಟಡದ ಫೋಟೋ ನೋಡುವಾಗ ಈ ಸಿಲಬಸ್ ಕಮಿಟಿ ಯಾರಿಗೂ ನೆನಪಾಗುವುದಿಲ್ಲ. 1926ರಲ್ಲಿ ಸರ್ಕಾರದ ಸಮಿತಿಯೊಂದರ ಹ್ಯಾಡೋ ವರದಿ ಬಂದು, ಹನ್ನೊಂದಕ್ಕೆ ಪ್ರಾಥಮಿಕ ಮುಗಿಸಿ ಮಕ್ಕಳನ್ನು ಬೇರೆ ಶಾಲೆಗೆ ಕಳಿಸಬೇಕು ಅಂತ ಇಡೀ ದೇಶಕ್ಕೇ ಹೇಳಿತು. ಮಾರಿಸ್ ಅಷ್ಟರಲ್ಲಿ ತಯಾರಾಗಿ ಕೂತಿದ್ದರು.

ಇಂಪಿಂಗ್ಟನ್‌ಗೆ ಬಂದ ಜರ್ಮನ್

ಇಂಪಿಂಗ್ಟನ್ ಮತ್ತು ಹಿಸ್ಟನ್ ಅಂಟಿಕೊಂಡ ಎರಡು ಊರು. ಕೇಂಬ್ರಿಡ್ಜಿನಿಂದ ಉತ್ತರಕ್ಕೆ ಸುಮಾರು ಐದು ಕಿಲೋಮೀಟರ್. ಅಲ್ಲಿ ಚೀವರ್ಸ್ ಅವರ ಜಾಮ್ ಫ್ಯಾಕ್ಟರಿ ಇತ್ತು. ಹಣ್ಣಿನ ತೋಟ ಮಾಡಿಕೊಂಡಿದ್ದ ಮನೆತನ 1870ರ ದಶಕದಲ್ಲಿ ಜಾಮ್ ಮಾಡಲು ಶುರು ಮಾಡಿ, ಆ ಭಾಗದಲ್ಲಿ ಜಾಸ್ತಿ ಜನಕ್ಕೆ ಕೆಲಸ ಕೊಡುವವರಾಗಿ ಬೆಳೆದಿತ್ತು. ಶಾಲೆಗೆ ಜಾಗ ಕೊಟ್ಟವರು ಅವರೇ. ಹಳೆಯ ದೊಡ್ಡ ಮರಗಳಿದ್ದ ಜಾಗ.

ವಾಲ್ಟರ್ ಗ್ರೋಪಿಯಸ್ ಹೆಸರು ಆರ್ಕಿಟೆಕ್ಚರ್ ಓದಿದವರಿಗೆಲ್ಲ ಗೊತ್ತು. ಜರ್ಮನಿಯಲ್ಲಿ 1919ರಲ್ಲಿ ಬೌಹೌಸ್ ಅನ್ನುವ ಕಲೆ ಮತ್ತು ವಿನ್ಯಾಸದ ಶಾಲೆ ಶುರು ಮಾಡಿದವರು. ಹಿಟ್ಲರ್ ಬಂದ ಮೇಲೆ ಅಲ್ಲಿ ಉಸಿರಾಡುವುದು ಕಷ್ಟವಾಗಿ 1934ರಲ್ಲಿ ಲಂಡನ್ನಿಗೆ ಬಂದರು. ಮ್ಯಾಕ್ಸ್‌ವೆಲ್ ಫ್ರೈ ಅನ್ನುವ ಇಂಗ್ಲಿಷ್ ಆರ್ಕಿಟೆಕ್ಟ್ ಜೊತೆ ಪಾಲುದಾರರಾದರು. ಕೆಲಸ ಮಾತ್ರ ಜಾಸ್ತಿ ಸಿಗಲಿಲ್ಲ. ಆಗ ಮಾರಿಸ್ ಈ ಗ್ರೋಪಿಯಸ್ ಅವರನ್ನು ಹಿಡಿದರು. ನನ್ನ ಹಳ್ಳಿಗೆ ಒಂದು ಶಾಲೆ ಮಾಡಿಕೊಡಿ ಅಂದರು.

ಇಲ್ಲಿ ಒಂದು ನಿಮಿಷ ನಿಂತು ಯೋಚನೆ ಮಾಡಿ. ಬಡ ಕೌಂಟಿಯ ಒಬ್ಬ ಸರ್ಕಾರಿ ಅಧಿಕಾರಿ. ಅವರ ಆಫೀಸಿನಲ್ಲೇ ಸಂಬಳಕ್ಕೆ ಆರ್ಕಿಟೆಕ್ಟ್ ಇದ್ದರು, ಸಾಸ್ಟನ್, ಬಾಟಿಶಮ್, ಲಿಂಟನ್ ಕೌಂಟಿಯ ಆರ್ಕಿಟೆಕ್ಟ್‌ಗಳೇ ಮಾಡಿದ್ದು. ಹಾಗಿರುವಾಗ ಹೊರಗಿನವರಿಗೆ ಬೇರೆ ಫೀಸು ಯಾಕೆ ಕೊಡಬೇಕು ಅಂತ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಮಾರಿಸ್ ಅದಕ್ಕೆ ಬೇರೆ ದಾರಿ ಹುಡುಕಿದರು. ಗ್ರೋಪಿಯಸ್ ಲಂಡನ್ನಿಗೆ ಬಂದಾಗ ಅವರಿಗೆ ಇರಲು ಮನೆ ಕೊಟ್ಟಿದ್ದ ಜಾಕ್ ಪ್ರಿಚರ್ಡ್ ಮತ್ತು ಇನ್ನೂ ಕೆಲವು ಹಿತೈಷಿಗಳು ಸೇರಿ ಫೀಸಿನ ದುಡ್ಡನ್ನು ಹೊರಗಿನಿಂದ ಒಟ್ಟು ಮಾಡಿದರು. ಹಳ್ಳಿ ಮಕ್ಕಳಿಗೆ ಇದು ಸಾಕು ಅನ್ನುವ ಮಾತಿಗೆ ಮಾರಿಸ್ ಯಾವತ್ತೂ ತಲೆಬಾಗಲಿಲ್ಲ. ನನಗೆ ಅವರ ಮೇಲೆ ಇರುವ ಗೌರವದಲ್ಲಿ ಅರ್ಧ ಪಾಲು ಇದಕ್ಕೇ.

ಕಟ್ಟಡ ಏಳುವ ಹೊತ್ತಿಗೆ ಗ್ರೋಪಿಯಸ್ ಇಂಗ್ಲೆಂಡಿನಲ್ಲಿ ಇರಲಿಲ್ಲ. 1937ರಲ್ಲಿ ಹಾರ್ವರ್ಡ್‌ನಿಂದ ಕರೆ ಬಂದು ಅಮೆರಿಕಕ್ಕೆ ಹೋಗಿಬಿಟ್ಟರು. ಮುಂದಿನ ಕೆಲಸ ಫ್ರೈ ನೋಡಿಕೊಂಡರು. ಇದೇ ಮ್ಯಾಕ್ಸ್‌ವೆಲ್ ಫ್ರೈ ಹೆಂಡತಿ ಜೇನ್ ಡ್ರೂ ಜೊತೆ 1951ರಲ್ಲಿ ನಮ್ಮ ಚಂಡೀಗಡಕ್ಕೆ ಬಂದು, ಆ ನಗರದ ನಕ್ಷೆ ಮಾಡಿದ ಆರ್ಕಿಟೆಕ್ಟ್ ಲ ಕಾರ್ಬ್ಯುಸಿಯೇ ತಂಡದಲ್ಲಿ ಮೂರು ವರ್ಷ ಕೆಲಸ ಮಾಡಿದವರು. ಚಂಡೀಗಡದ ಸೆಕ್ಟರ್ 22ರ ಸಾಲುಮನೆಗಳ ನಡುವೆ ಓಡಾಡಿದವರಿಗೆ ಫ್ರೈ ಮತ್ತು ಡ್ರೂ ಅವರ ಕೈಕೆಲಸ ಗೊತ್ತಿರುತ್ತದೆ.

ನಕ್ಷೆ ಓದುವುದು

ಈಗ ನಾನು ಹೇಳಬೇಕು ಅಂದುಕೊಂಡ ಮುಖ್ಯ ಸಂಗತಿಗೆ ಬರುತ್ತೇನೆ. ಇಂಪಿಂಗ್ಟನ್‌ನ ನಕ್ಷೆ ನನ್ನ ಮೇಜಿನ ಮೇಲೆ ಇದೆ. ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ.

ಹೆಚ್ಚು ಎತ್ತರ ಇಲ್ಲ, ಬಹುಪಾಲು ಒಂದೇ ಅಂತಸ್ತು. ಇಟ್ಟಿಗೆ ಕಟ್ಟಡ. ಮುಂಭಾಗದಲ್ಲಿ ಬೀಸಣಿಗೆ ಆಕಾರದ ಒಂದು ಹಾಲ್, ನಾಟಕ, ಸಿನಿಮಾ, ಸಂಗೀತ, ಶಾಲೆಯ ಪ್ರಾರ್ಥನೆ ಎಲ್ಲಕ್ಕೂ. ಒಂದು ಕಡೆ ಮಕ್ಕಳ ತರಗತಿಗಳ ಸಾಲು. ಇನ್ನೊಂದು ಕಡೆ ಮೆಲ್ಲಗೆ ಬಾಗಿದ ಒಂದು ರೆಕ್ಕೆ, ಅದು ದೊಡ್ಡವರದ್ದು. ಅಲ್ಲಿ ಕೂತು ಮಾತಾಡುವ ಕೋಣೆ, ಲೈಬ್ರರಿ, ಭಾಷಣದ ಕೋಣೆ, ಆಟದ ಕೋಣೆ. ಅದರ ಉಬ್ಬಿದ ಕಿಟಕಿಗಳು ಹಳೆಯ ಮರಗಳ ಕಡೆ ತಿರುಗಿವೆ.

ತರಗತಿಗಳನ್ನು ನೋಡಿ. ಹುಲ್ಲುಹಾಸಿನ ಕಡೆಯ ಗೋಡೆ ಗೋಡೆಯೇ ಅಲ್ಲ, ನೆಲದಿಂದ ಮೇಲಿನ ತನಕ ಗಾಜಿನ ಬಾಗಿಲು. ಬಿಸಿಲಿದ್ದ ದಿನ ಮಡಚಿ ಸರಿಸಿದರೆ ತರಗತಿ ಅರ್ಧ ತೋಟಕ್ಕೆ ಬಂದ ಹಾಗೆ. 1939ರಲ್ಲಿ ಹಳ್ಳಿ ಶಾಲೆಯ ಕಿಟಕಿಗಳು ಮಕ್ಕಳಿಗೆ ಹೊರಗೆ ಕಾಣದಷ್ಟು ಎತ್ತರದಲ್ಲಿ ಇರುತ್ತಿದ್ದವು, ಗಮನ ಬೇರೆಡೆ ಹೋಗಬಾರದು ಅಂತ. ಅಂಥಾ ಕೋಣೆಯಲ್ಲಿ ಆರು ವರ್ಷ ಕೂತ ಮಗು ಇಲ್ಲಿಗೆ ಬಂದ ಮೊದಲ ದಿನ ಹೇಗೆ ನೋಡಿರಬೇಕು, ಅಲ್ವಾ?

ಆದರೆ ನನ್ನ ಕಣ್ಣು ಹೋಗುವುದು ನಡುವಿನ ದಾರಿಗೆ. ಹಾಲ್, ಮಕ್ಕಳ ಸಾಲು, ದೊಡ್ಡವರ ರೆಕ್ಕೆ, ಮೂರನ್ನೂ ಪೋಣಿಸುವ ಒಂದು ಅಗಲವಾದ ಪಡಸಾಲೆ ಇದೆ. ಅದನ್ನು ಅವರು ಪ್ರಾಮಿನಾಡ್ ಅಂತ ಕರೆದರು, ಅಂದರೆ ಅಡ್ಡಾಡುವ ಜಾಗ. ಯಾರು ಎಲ್ಲಿಗೆ ಹೋಗಬೇಕಾದರೂ ಇದನ್ನು ದಾಟಬೇಕು. ಲೈಬ್ರರಿಗೆ ಬಂದ ಅಜ್ಜ, ನಾಟಕದ ರಿಹರ್ಸಲ್ಲಿಗೆ ಬಂದ ಜಾಮ್ ಫ್ಯಾಕ್ಟರಿಯ ಹುಡುಗಿ, ಮರಗೆಲಸ ಮುಗಿಸಿ ಹೊರಟ ಹದಿಮೂರರ ಹುಡುಗ, ಎಲ್ಲರಿಗೂ ಅದೊಂದೇ ದಾರಿ. ದೊಡ್ಡವರಿಗೆ ಹಿಂದಿನ ಬಾಗಿಲು, ಮಕ್ಕಳಿಗೆ ಮುಂದಿನ ಬಾಗಿಲು ಅಂತ ಭಾಗ ಮಾಡಲಿಲ್ಲ.

ಇದೇ ನನಗೆ ಸಿಕ್ಕಿದ ಉತ್ತರ. ಊರು ಮತ್ತು ಶಾಲೆ ಬೆರೆಯಬೇಕು ಅಂತ ಮಾರಿಸ್ ಬರೀ ಭಾಷಣ ಮಾಡಲಿಲ್ಲ. ಬೆರೆಯದೇ ಬೇರೆ ದಾರಿ ಇರದ ಹಾಗೆ ಕಟ್ಟಡ ಕಟ್ಟಿಸಿದರು. ನಮ್ಮ ಹಳ್ಳಿಗಳಲ್ಲಿ ಅರಳಿಕಟ್ಟೆ ಯಾಕೆ ಇಷ್ಟು ವರ್ಷ ಬಾಳಿತು? ಅಲ್ಲಿ ಸೇರಿ ಅಂತ ಯಾರೂ ನೋಟಿಸ್ ಕಳಿಸಲಿಲ್ಲ. ಅದು ಎಲ್ಲರೂ ಹಾದುಹೋಗುವ ದಾರಿಯಲ್ಲಿ ಇತ್ತು, ಅಷ್ಟೇ.

ಇನ್ನೊಂದು ಸಣ್ಣ ವಿವರ. ದೊಡ್ಡವರ ಕೋಣೆಗಳು ಬೇರೆ ಇದ್ದವು ಅನ್ನುವುದನ್ನು ಮರೆಯಬಾರದು. ಹಗಲು ಹೊಲದಲ್ಲೋ ಫ್ಯಾಕ್ಟರಿಯಲ್ಲೋ ದುಡಿದು ಬಂದ ನಲವತ್ತರ ಹೆಂಗಸನ್ನು ಹನ್ನೊಂದರ ಮಗುವಿನ ಡೆಸ್ಕಿನಲ್ಲಿ ಮೊಣಕಾಲು ಮಡಚಿ ಕೂರಿಸಿದರೆ ಅವಳು ಮುಂದಿನ ವಾರ ಬರುವುದಿಲ್ಲ. ಇದು ಯಾವುದೇ ರಾತ್ರಿಶಾಲೆ ನಡೆಸಿದವರಿಗೆ ಗೊತ್ತಿರುವ ಸಂಗತಿ. ಅಂಥವರಿಗೆ ಮಾರಿಸ್ ಒಳ್ಳೆಯ ಕುರ್ಚಿ, ಒಳ್ಳೆಯ ಕಿಟಕಿ, ಅವರದ್ದೇ ಆದ ಕೋಣೆ ಕೊಟ್ಟರು. ದಾರಿ ಒಂದೇ, ಕುರ್ಚಿ ಬೇರೆ. ಎರಡೂ ಬೇಕು.

ನಡೆಸಿದ್ದು ಹೇಗೆ

ಶಾಲೆ ತೆರೆದದ್ದು 1939ರ ಶರತ್ಕಾಲದಲ್ಲಿ, ಯುದ್ಧ ಶುರುವಾದ ಹೊಸತರಲ್ಲಿ. ಅದಕ್ಕಿಂತ ಕೆಟ್ಟ ಗಳಿಗೆ ಇರಲಿಕ್ಕಿಲ್ಲ. ಕಿಟಕಿಗೆಲ್ಲ ಕಪ್ಪು ಪರದೆ ಹಾಕಬೇಕಾದ ಕಾಲಕ್ಕೆ ಮೈಯೆಲ್ಲಾ ಗಾಜಿನ ಶಾಲೆ.

ವಿಲೇಜ್ ಕಾಲೇಜಿನ ಮುಖ್ಯಸ್ಥರನ್ನು ಹೆಡ್‌ಮಾಸ್ಟರ್ ಅನ್ನದೆ ವಾರ್ಡನ್ ಅಂತ ಕರೆದರು. ಸುಮ್ನೆ ಹೆಸರು ಬದಲಿಸಿದ್ದಲ್ಲ. ಹಗಲಿನ ಶಾಲೆಗೂ ಸಂಜೆಯ ಚಟುವಟಿಕೆಗೂ ಅವರೊಬ್ಬರೇ ಹೊಣೆ. ಸಂಜೆ ಕ್ಲಾಸಿಗೆ ಬೇರೆ ಅಧಿಕಾರಿ, ಬೇರೆ ಇಲಾಖೆ ಅಂತ ಇದ್ದರೆ ಏನಾಗುತ್ತದೆ ಅಂತ ನಮಗೆಲ್ಲ ಗೊತ್ತು. ಡಸ್ಟರ್ ಎಲ್ಲಿ ಹೋಯಿತು, ಬೆಂಚು ಯಾರು ಅಡ್ಡಾದಿಡ್ಡಿ ಮಾಡಿದರು, ಕರೆಂಟ್ ಬಿಲ್ಲು ಯಾರ ಲೆಕ್ಕಕ್ಕೆ ಅನ್ನುವುದರಲ್ಲೇ ವರ್ಷ ಕಳೆದುಹೋಗುತ್ತದೆ. ಒಬ್ಬರೇ ಹೊಣೆಯಾದರೆ ಜಗಳ ಇರುವುದಿಲ್ಲ ಅಂತಲ್ಲ, ಜಗಳ ಬಗೆಹರಿಸುವವರು ಒಬ್ಬರು ಇರುತ್ತಾರೆ. ಆದರೆ ಈ ವ್ಯವಸ್ಥೆಯ ಭಾರ ಎಷ್ಟು ಅನ್ನುವುದನ್ನೂ ಹೇಳಲೇಬೇಕು. ಬೆಳಿಗ್ಗೆ ಮಕ್ಕಳ ಹಾಜರಿಯಿಂದ ಶುರುವಾದ ದಿನ ರಾತ್ರಿ ಹತ್ತಕ್ಕೆ ಕುಣಿತದ ಕ್ಲಾಸು ಮುಗಿಸಿದವರನ್ನು ಕಳಿಸಿಕೊಡುವ ತನಕ ನಡೆಯುತ್ತದೆ. ಅಂಥಾ ಕೆಲಸಕ್ಕೆ ಹೊಂದುವ ಮನುಷ್ಯರು ಕಡಿಮೆ. ಸಿಕ್ಕಿದವರನ್ನೂ ಆ ಕೆಲಸ ಹಣ್ಣು ಮಾಡುತ್ತದೆ. ಮಾರಿಸ್ ಯೋಜನೆಯಲ್ಲಿ ನನಗೆ ಕಾಣುವ ನಿಜವಾದ ದುರ್ಬಲ ಜಾಗ ಇದೇ. ಕಟ್ಟಡಕ್ಕೆ ಗ್ರೋಪಿಯಸ್ ಸಿಕ್ಕರು, ಆದರೆ ಪ್ರತಿ ಊರಿಗೂ ಅಂಥ ವಾರ್ಡನ್ ಸಿಗುತ್ತಾರೆ ಅಂತ ಯಾರು ಭರವಸೆ ಕೊಡುತ್ತಾರೆ?

ಕಲೆಯ ವಿಷಯದಲ್ಲಿ ಮಾರಿಸ್ ಮೊದಲಿಂದಲೂ ಹಟಮಾರಿ. ನ್ಯಾನ್ ಯಂಗ್‌ಮನ್ ಅನ್ನುವ ಚಿತ್ರಕಾರ್ತಿ 1944ರಲ್ಲಿ ಅವರ ಕೌಂಟಿಯ ಕಲಾ ಸಲಹೆಗಾರರಾಗಿ ಬಂದರು. 1947ರಿಂದ ಅವರು ಶಾಲೆಗಳಿಗಾಗಿಯೇ ಚಿತ್ರಪ್ರದರ್ಶನಗಳನ್ನು ನಡೆಸಿದರು, ಬದುಕಿರುವ ಕಲಾವಿದರ ಅಸಲಿ ಚಿತ್ರಗಳನ್ನು ಶಾಲೆಗಳು ಕೊಳ್ಳಲಿ ಅಂತ. ನಕಲು ಪ್ರಿಂಟು ಅಲ್ಲ, ಅಸಲಿ ಬಣ್ಣ. ಹಳ್ಳಿ ಹುಡುಗ ಮೂಗು ತಾಗುವಷ್ಟು ಹತ್ತಿರ ನಿಂತು ಬ್ರಷ್ಷಿನ ಗೆರೆ ನೋಡಬಹುದು.

ಬಾಸಿಂಗ್‌ಬರ್ನ್‌ನಲ್ಲಿ ಇನ್ನೊಂದು ವಿಲೇಜ್ ಕಾಲೇಜು ತೆರೆದದ್ದು 1954ರಲ್ಲಿ. ಅದೇ ವರ್ಷ ಮಾರಿಸ್ ನಿವೃತ್ತರಾದರು. ಆಮೇಲೂ ಸುಮ್ಮನೆ ಕೂರದೆ, ವೆಲ್ವಿನ್ ಗಾರ್ಡನ್ ಸಿಟಿಯ ಡಿಗ್ಸ್‌ವೆಲ್ ಮನೆಯಲ್ಲಿ ಕಲಾವಿದರು ಇದ್ದು ಕೆಲಸ ಮಾಡುವ ಜಾಗ ಮಾಡಿಸಿದರು. 1961ರಲ್ಲಿ ತೀರಿಕೊಂಡರು. ಅವರ ನಂತರವೂ ಕೌಂಟಿ ಕಟ್ಟುತ್ತಾ ಹೋಯಿತು. ಕಾಂಬರ್ಟನ್, ಸ್ವೇವ್ಸಿ, ಮೆಲ್ಬರ್ನ್, ಕಾಟನ್‌ಹ್ಯಾಮ್, ಎಲ್ಲ ಇವತ್ತಿಗೂ ವಿಲೇಜ್ ಕಾಲೇಜು ಅನ್ನುವ ಹೆಸರನ್ನೇ ಇಟ್ಟುಕೊಂಡಿವೆ. ಲೆಸ್ಟರ್‌ಶೈರ್ ಕೌಂಟಿಯಲ್ಲಿ ಅಲ್ಲಿನ ಶಿಕ್ಷಣ ಮುಖ್ಯಸ್ಥ ಸ್ಟುವರ್ಟ್ ಮೇಸನ್ ಇದೇ ಬೀಜವನ್ನು ಕಮ್ಯುನಿಟಿ ಕಾಲೇಜು ಅಂತ ಬಿತ್ತಿದರು.

ಬಾರದೇ ಹೋದ ಶಿಲ್ಪ

ಇಂಪಿಂಗ್ಟನ್‌ಗೆ ಒಂದು ಶಿಲ್ಪ ಬೇಕು ಅಂತ ಗ್ರೋಪಿಯಸ್ ಮತ್ತು ಮಾರಿಸ್ ಇಬ್ಬರೂ ಶಿಲ್ಪಿ ಹೆನ್ರಿ ಮೂರ್ ಅವರನ್ನು ಕೇಳಿದ್ದರು. ಮೂರ್ ಆಗ ಇಷ್ಟು ದೊಡ್ಡ ಹೆಸರಲ್ಲ. ಅಪ್ಪ, ಅಮ್ಮ, ಮಗು ಎಲ್ಲರೂ ಬರುವ ಶಾಲೆ ಅನ್ನುವ ಮಾತು ಅವರ ಮನಸ್ಸಿಗೆ ಹಿಡಿಸಿತು. ಒಂದು ಕುಟುಂಬವನ್ನೇ ಮಾಡೋಣ ಅಂತ ಯೋಚನೆ ಶುರುವಾಯಿತು. ದುಡ್ಡು ಸಿಗಲಿಲ್ಲ, ನಿಂತಿತು. ಯುದ್ಧದ ಕೊನೆಯ ಹೊತ್ತಿಗೆ ಮತ್ತೆ ಚಿಗುರಿತು, ಮೂರ್ ಸಣ್ಣ ಸಣ್ಣ ಮಾದರಿಗಳನ್ನು ಮಾಡಿದರು. ಮತ್ತೆ ದುಡ್ಡು ಕೂಡಲಿಲ್ಲ.

ಕೊನೆಗೆ ಪಕ್ಕದ ಹರ್ಟ್‌ಫರ್ಡ್‌ಶೈರಿನ ಶಿಕ್ಷಣ ಮುಖ್ಯಸ್ಥ ಜಾನ್ ನ್ಯೂಸಮ್, ಮಾರಿಸ್ ಅವರ ಸ್ನೇಹಿತರು, ಸ್ಟೀವನೇಜಿನ ಬಾರ್ಕ್ಲೇ ಶಾಲೆಗೆ ಒಂದು ಶಿಲ್ಪ ಕೇಳಿದರು. 1948–49ರಲ್ಲಿ ಅದು ಕಂಚಿನಲ್ಲಿ ಮೂಡಿತು. ಅದರ ಫೋಟೋ ಹತ್ತಿರದಿಂದ ನೋಡಿ. ಅಪ್ಪ ಅಮ್ಮ ಒಂದು ಬೆಂಚಿನ ಮೇಲೆ ಕೂತಿದ್ದಾರೆ. ಮಗು ಇಬ್ಬರ ನಡುವೆ, ಇಬ್ಬರ ತೋಳಿನಲ್ಲೂ. ಕೈಗಳು ಹೆಣೆದುಕೊಂಡು ಗಂಟು ಹಾಕಿದ ಹಾಗಿವೆ, ಆ ಗಂಟೇ ಮಗು. ಇಪ್ಪತ್ತನೇ ಶತಮಾನದ ಬಹಳ ಹೆಸರಾದ ಶಿಲ್ಪಗಳಲ್ಲಿ ಇದೂ ಒಂದು. ಬೀಜ ಇಂಪಿಂಗ್ಟನ್‌ನದ್ದು, ಮರ ಸ್ಟೀವನೇಜಿನಲ್ಲಿ.

ಕಟ್ಟಡ ಕೂಡಿಸಿದ್ದನ್ನು ಲೆಕ್ಕಪುಸ್ತಕ ಬಿಡಿಸಿತು

ಈ ಪ್ರಕರಣದಲ್ಲಿ ನನಗೆ ನಿಜಕ್ಕೂ ಸಂಕಟ ಆಗುವ ಭಾಗ ಇದು.

ಓದು ಅಂದರೆ ಕೆಲಸಕ್ಕಾಗಿ ಕಲಿಯುವುದಾ, ಖುಷಿಗಾಗಿ ಕಲಿಯುವುದಾ ಅನ್ನುವ ವಾದವೇ ವಿಲೇಜ್ ಕಾಲೇಜಿನಲ್ಲಿ ಏಳುವುದಿಲ್ಲ ಅಂತ ಮಾರಿಸ್ 1924ರಲ್ಲೇ ಬರೆದಿದ್ದರು. ಲೆಕ್ಕ ಬರೆಯುವುದನ್ನು ಕಲಿಯಲು ಬಂದವನು ಪಕ್ಕದ ಕೋಣೆಯ ಹಾಡು ಕೇಳಿ ಅಲ್ಲೂ ಕೂರಲಿ, ಅದಕ್ಕೇ ಅಲ್ವಾ ಆ ಪಡಸಾಲೆ.

1988ರ ಶಿಕ್ಷಣ ಕಾನೂನು ಬಂತು. ಪ್ರತಿ ಶಾಲೆಗೂ ಅದರ ದುಡ್ಡು ಅದರ ಕೈಗೆ ಬಂತು, ಆದರೆ ಮಕ್ಕಳ ತಲೆ ಲೆಕ್ಕದಲ್ಲಿ. ಸಂಜೆ ಬರುವ ದೊಡ್ಡವರು ಬೇರೆ ಖಾತೆಗೆ ಹೋದರು. ಆಮೇಲೆ 1992ರ ಕಾನೂನು. ಸರ್ಟಿಫಿಕೇಟ್ ಸಿಗುವ, ಕೆಲಸಕ್ಕೆ ಬರುವ ಕೋರ್ಸುಗಳಿಗೆ ರಾಷ್ಟ್ರಮಟ್ಟದ ಒಂದು ಸಂಸ್ಥೆಯಿಂದ ದುಡ್ಡು. ಖುಷಿಗಾಗಿ ಕಲಿಯುವ ಚಿತ್ರಕಲೆ, ಹಾಡು, ಹೊಲಿಗೆ ಇಂಥವನ್ನು ಕೌಂಟಿಗಳು ತಮ್ಮ ಕೈಲಾದಷ್ಟು ನೋಡಿಕೊಳ್ಳಬೇಕು. ಕೌಂಟಿಗಳ ಕೈಲಿ ಆಗುವುದು ವರ್ಷದಿಂದ ವರ್ಷಕ್ಕೆ ಕಡಿಮೆಯಾಯಿತು. ಫೀಸು ಏರಿತು. ಬರುವವರಲ್ಲಿ ಫೀಸು ಕೊಡಲು ಶಕ್ತಿ ಇದ್ದವರೇ ಜಾಸ್ತಿಯಾದರು.

ನೋಡಿ, ಒಂದು ಇಟ್ಟಿಗೆಯನ್ನೂ ಯಾರೂ ಕೀಳಲಿಲ್ಲ. ಪಡಸಾಲೆ ಅಲ್ಲೇ ಇದೆ. ಆದರೆ ಅದರ ಎರಡು ತುದಿಯಲ್ಲಿ ಇರುವವರು ಎರಡು ಬೇರೆ ಬೇರೆ ಖಾತೆಯವರಾದರು. ವಾರ್ಡನ್ ಅನ್ನುವ ಒಬ್ಬರೇ ಹೊಣೆಗಾರರು ಇರುವ ವ್ಯವಸ್ಥೆಯೂ ಹಳೆಯ ರೂಪದಲ್ಲಿ ಉಳಿಯಲಿಲ್ಲ. ಶಾಲೆಯನ್ನು ಅಳೆಯುವುದು ಪರೀಕ್ಷೆಯ ಫಲಿತಾಂಶದಿಂದ ಅಂತಾದ ಮೇಲೆ ಸಂಜೆಯ ಏಳು ಗಂಟೆಗೆ ಲೈಬ್ರರಿಯಲ್ಲಿ ಎಷ್ಟು ಜನ ಅಜ್ಜಂದಿರು ಕೂತಿದ್ದರು ಅನ್ನುವುದನ್ನು ಯಾವ ಪಟ್ಟಿಯೂ ಎಣಿಸುವುದಿಲ್ಲ. ಹೆಡ್‌ಮಾಸ್ಟರ್ ಒಳ್ಳೆಯವರೇ ಇರಬಹುದು. ಆದರೆ ಎಣಿಸದೇ ಇದ್ದ ಕೆಲಸಕ್ಕೆ ಅವರು ಎಷ್ಟು ದಿನ ಹೊತ್ತು ಕೊಟ್ಟಾರು?

ಮಕ್ಕಳ ಸುರಕ್ಷತೆಯ ಪ್ರಶ್ನೆಯೂ ಬಂತು. ಇವತ್ತಿನ ಇಂಗ್ಲೆಂಡಿನಲ್ಲಿ ಶಾಲೆಯ ಹೊತ್ತಿನಲ್ಲಿ ಹೊರಗಿನವರು ಹೆಸರು ಬರೆಸಿ, ಬ್ಯಾಡ್ಜ್ ಹಾಕಿಕೊಂಡು ಒಳಗೆ ಹೋಗಬೇಕು. ನಾನು ಇದನ್ನು ತಪ್ಪು ಅನ್ನುವುದಿಲ್ಲ, ಮೇಷ್ಟ್ರಾಗಿ ನಾನೂ ಅದನ್ನೇ ಮಾಡುತ್ತೇನೆ. ಆದರೆ ಹಗಲು ಹೊತ್ತಿನಲ್ಲಿ ಊರಿನವರೂ ಮಕ್ಕಳೂ ಒಂದೇ ದಾರಿಯಲ್ಲಿ ಎದುರುಬದುರಾಗುವುದಕ್ಕೆ ಅಲ್ಲಿ ದಾರಿ ಕಡಿಮೆಯಾಯಿತು ಅನ್ನುವುದೂ ನಿಜ.

ಈಗ

ಇಂಪಿಂಗ್ಟನ್ ಇವತ್ತು ಅಕಾಡೆಮಿ ಶಾಲೆ, ಅಂದರೆ ಕೌಂಟಿಯ ಕೈಯಿಂದ ಹೊರಬಂದು ಒಂದು ಟ್ರಸ್ಟಿನಡಿ ನಡೆಯುತ್ತಿದೆ. ಹಿರಿಯ ವಿದ್ಯಾರ್ಥಿಗಳಿಗೆ ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್ ಅನ್ನುವ ಅಂತರರಾಷ್ಟ್ರೀಯ ಕೋರ್ಸ್ ಇದೆ. ಜಾಮ್ ಫ್ಯಾಕ್ಟರಿಯ ಊರಿನ ಶಾಲೆಗೆ ಬೇರೆ ಬೇರೆ ದೇಶದ ಮಕ್ಕಳು ಬರುತ್ತಾರೆ. ಕೇಂಬ್ರಿಡ್ಜ್ ಸುತ್ತ ಈಗ ಸಾಫ್ಟ್‌ವೇರ್, ಔಷಧಿ ಕಂಪನಿಗಳು ತುಂಬಿಕೊಂಡಿವೆ.

ಕಟ್ಟಡಕ್ಕೆ ಗ್ರೇಡ್ ಒನ್ ರಕ್ಷಣೆ ಇದೆ. ಇಂಗ್ಲೆಂಡಿನ ರಕ್ಷಿತ ಕಟ್ಟಡಗಳಲ್ಲಿ ನೂರಕ್ಕೆ ಎರಡೂವರೆಯಷ್ಟಕ್ಕೆ ಮಾತ್ರ ಸಿಗುವ ದರ್ಜೆ ಅದು, ಹೆಚ್ಚಿನವು ಹಳೆಯ ಚರ್ಚು, ಕೋಟೆ, ಅರಮನೆ. ಆ ಸಾಲಿನಲ್ಲಿ ರೈತರ ಮಕ್ಕಳಿಗಾಗಿ ಕಟ್ಟಿದ ಒಂದು ಹೈಸ್ಕೂಲು ನಿಂತಿದೆ. ಕಟ್ಟಡಗಳ ಇತಿಹಾಸ ಬರೆದ ನಿಕೊಲಾಸ್ ಪೆವ್ಸ್‌ನರ್ ಇದನ್ನು ಇಂಗ್ಲೆಂಡಿನಲ್ಲಿ ಆ ಕಾಲದ ಅತಿ ಒಳ್ಳೆಯ ಕಟ್ಟಡಗಳ ಸಾಲಿಗೆ ಸೇರಿಸಿದ್ದರು. ಇದರಿಂದ ಒಂದು ತೊಡಕೂ ಇದೆ. ರಕ್ಷಿತ ಕಟ್ಟಡದಲ್ಲಿ ಒಂದು ಬಾಗಿಲು ಬದಲಿಸಬೇಕಾದರೂ ಅನುಮತಿ ಬೇಕು, 1939ರ ಗಾಜು ಚಳಿಗಾಲದಲ್ಲಿ ಬೆಚ್ಚಗಿನ ಕೋಣೆ ಕೊಡುವುದಿಲ್ಲ, ಮತ್ತು ದಿನಾ ಸಾವಿರಾರು ಸಲ ಮಕ್ಕಳು ತೆಗೆದು ಹಾಕುವ ಬಾಗಿಲು ಮ್ಯೂಸಿಯಂ ಬಾಗಿಲಿನ ಹಾಗೆ ಉಳಿಯುವುದಿಲ್ಲ.

ಆದರೂ ಸಂಜೆ ದೀಪ ಆರಿಲ್ಲ. ಶಾಲೆಯ ಆವರಣದ ಕ್ರೀಡಾಕೇಂದ್ರ, ಈಜುಕೊಳ ಊರಿನವರಿಗೂ ತೆರೆದಿವೆ. ಕೇಂಬ್ರಿಡ್ಜ್‌ಶೈರಿನ ಹಲವು ವಿಲೇಜ್ ಕಾಲೇಜುಗಳಲ್ಲಿ ಸಂಜೆ ಕ್ಲಾಸು ಈಗಲೂ ಇವೆ, ಮೊದಲಿಗಿಂತ ಕಡಿಮೆ, ಮೊದಲಿಗಿಂತ ದುಬಾರಿ.

ನಾನು ಈ ನಕ್ಷೆಯನ್ನು ಜೆರಾಕ್ಸ್ ಮಾಡಿಸಿಕೊಂಡು ನಮ್ಮ ಶಾಲೆಯ ಎಸ್‌ಡಿಎಂಸಿ ಸಭೆಗೆ ಒಯ್ದಿದ್ದೆ. ಗಾಜಿನ ಬಾಗಿಲು, ಬೀಸಣಿಗೆ ಹಾಲ್ ಯಾರೂ ಕೇಳಲಿಲ್ಲ. ಒಬ್ಬ ತಾಯಿ ನಕ್ಷೆಯ ಮೇಲೆ ಬೆರಳಿಟ್ಟು, "ಮೇಷ್ಟ್ರೇ, ಲೈಬ್ರರಿ ಬಾಗಿಲು ರಸ್ತೆ ಕಡೆಗೆ ಇಟ್ಟರೆ ಗೇಟು ತೆಗೀಬೇಕಾಗಿಲ್ಲ ಅಲ್ವಾ?" ಅಂದರು. ನಮ್ಮ ಲೈಬ್ರರಿ ಕೋಣೆಯ ಹಿಂದಿನ ಗೋಡೆ ರಸ್ತೆಗೇ ತಾಗಿಕೊಂಡಿದೆ. ಹದಿನೈದು ವರ್ಷದಿಂದ ನಾನು ಅದೇ ಗೋಡೆ ಪಕ್ಕ ಗಾಡಿ ನಿಲ್ಲಿಸುತ್ತಾ ಬಂದಿದ್ದೇನೆ. ಬಾಗಿಲು ಒಡೆಯಲು ಎಷ್ಟು ಖರ್ಚಾಗುತ್ತದೆ ಅಂತ ಮೊನ್ನೆ ಗಾರೆ ಮೇಸ್ತ್ರಿಯನ್ನು ಕರೆಸಿ ಅಳತೆ ತೆಗೆಸಿದ್ದೇವೆ.